ಎಡಗಡೆಯ ಅಳಿಯ

ಅತ್ತೆ ಅಳಿಯ ಒಂದೇ ಮನೆಯಲ್ಲಿ ಇರಬಾರದು. ಇದ್ದರೂ ನಡುವೆ ಮಗಳು ಅಂತ ಒಬ್ಬಳು ಇರಬೇಕು. ಅತ್ತೆ ಸೊಸೆ ಆದರೆ ಚಿಂತೆ ಇಲ್ಲ, ಜಗಳ ಆಡಿಕೊಂಡಾದರೂ ಹೊತ್ತು ಕಳೆಯುತ್ತಾರೆ. ಅತ್ತೆ ಅಳಿಯನಿಗೆ ಆ ಭಾಗ್ಯವೂ ಇಲ್ಲ. ನಮ್ಮ ಕಡೆ ಅಳಿಯನ ಹೆಸರು ಹಿಡಿದು ಕರೆಯುವಂತಿಲ್ಲ, ಎದುರಿಗೆ ನಿಂತು ಮುಖ ನೋಡಿ ಮಾತಾಡುವಂತಿಲ್ಲ. ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳಬೇಕು. "ಕಾಫಿ ಇಟ್ಟಿದೆ." "ಊಟಕ್ಕೆ ಏಳಬಹುದು." ನಮ್ಮ ಅಳಿಯಂದಿರೂ ಮರ್ಯಾದಸ್ಥರು, ಅವರೂ ಗೋಡೆಗೇ ಉತ್ತರ ಕೊಡುವವರು, ಅದೂ ಮೆಲ್ಲಗೆ. ನನ್ನ ಮಗಳು ಗಿರಿಜ ಇದ್ದಾಗ ಇದರಿಂದ ಏನೂ ತೊಂದರೆ ಇರಲಿಲ್ಲ. ಅವಳೇ ನಮ್ಮಿಬ್ಬರ ನಡುವಿನ ಟೆಲಿಫೋನು. "ಅಮ್ಮ, ಇವತ್ತು ಅವ್ರಿಗೆ ಮುದ್ದೆ ಬೇಡ್ವಂತೆ" ಅಂತ ಇಲ್ಲಿ ಬಂದು ಹೇಳುವಳು, "ರೀ, ಅಮ್ಮಂಗೆ ಮಂಡಿ ನೋವಂತೆ" ಅಂತ ಅಲ್ಲಿ ಹೋಗಿ ಹೇಳುವಳು.

ಗಿರಿಜ ಹೋದಳು. ಕಾಯಿಲೆ ಆಯಿತು, ನೋಡಿಕೊಳ್ಳಲು ಅಂತ ನಾನು ಬಸವೇಶ್ವರನಗರದ ಈ ಮನೆಗೆ ಬಂದೆ, ಅವಳು ಹೋದಳು, ನಾನು ಉಳಿದೆ. ಅದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ. ಕಷ್ಟ ಏನಾಯಿತೆಂದರೆ, ತಿಥಿ ಎಲ್ಲ ಮುಗಿದ ಮೇಲೆ ನನಗೆ "ಇರಿ" ಅಂತ ಯಾರೂ ಹೇಳಲಿಲ್ಲ, "ಹೋಗಿ" ಅಂತಲೂ ಹೇಳಲಿಲ್ಲ. ಮಕ್ಕಳಿಲ್ಲದ ಮನೆ. ಬೆಳಿಗ್ಗೆ ಒಲೆ ಹಚ್ಚಿದೆ, ಕಾಫಿ ಮಾಡಿದೆ, ಇಟ್ಟೆ. ಅವರು ಕುಡಿದು ಆಫೀಸಿಗೆ ಹೋದರು. ಮಾರನೇ ದಿನವೂ ಹಾಗೇ. ಹೀಗೆ ವರ್ಷ ಕಳೆಯಿತು.

ಬರಬರುತ್ತಾ ಅಳಿಯಂದಿರ ಮಾತು ಪೂರ್ತಿ ನಿಂತುಹೋಯಿತು. ನಾನು ಊಟಕ್ಕೆ ಕೂತಾಗ ಗೋಡೆಗೆ ಏನಾದರೂ ಹೇಳುವೆ; ಗೋಡೆ ಸುಮ್ಮನಿರುವುದು. ಹಾಲಿನಲ್ಲಿ ಕುರ್ಚಿ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಾ, ಬೀದಿಯಲ್ಲಿ ಏನು ನಡೆಯಿತು ಅಂತ ಹೇಳುವೆ; ಅದಕ್ಕೂ ಉತ್ತರವಿಲ್ಲ. ನಾನೇನು ಮಗುವೇ, ಅರ್ಥವಾಗದೆ ಇರಲು? ಮಗಳೇ ಇಲ್ಲದ ಮೇಲೆ ಈ ಮುದುಕಿ ಯಾಕೆ ಅಂತ ಅವರಿಗೆ ಅನಿಸಿರಬೇಕು, ಬಾಯಿಬಿಟ್ಟು ಹೇಳಲು ಸಂಕೋಚ. ಸರಿ, ನಾನೇ ಹಾದಿ ಮಾಡಿಕೊಟ್ಟೆ. ಒಂದು ದಿನ ಊಟದ ಹೊತ್ತಿನಲ್ಲಿ ಗೋಡೆಗೆ ಹೇಳಿದೆ: "ಯುಗಾದಿ ಆದ್ಮೇಲೆ ಕೆಂಗೇರಿ ಉಪನಗರಕ್ಕೆ ಹೋಗೋದು ಅಂತ ಇದೆ. ತಮ್ಮನ ಮನೇಲಿ ಇರೋದು." ಹೇಳಿ, ಕಾದೆ. ಅನ್ನ ಆರಿಹೋಗುವಷ್ಟು ಹೊತ್ತು ಕಾದೆ. ಅಳಿಯಂದಿರು ಕೈ ತೊಳೆಯಲು ಎದ್ದರು. ಆಮೇಲೂ ಒಂದೆರಡು ಸಲ ಆ ಮಾತು ಎತ್ತಿ ನೋಡಿದೆ. ಬೇಡ ಅನ್ನಲಿಲ್ಲ. ನಾನು ಸೀರೆಗಳನ್ನು ಮಡಚಿ ಟ್ರಂಕಿಗೆ ಹಾಕಲು ಶುರುಮಾಡಿದೆ. ತಮ್ಮನ ಹೆಂಡತಿಗೂ ನನಗೂ ಹೊಂದುವುದಿಲ್ಲ. ಆದರೆ ಅವಳು ಬೈಯುತ್ತಾಳೆ. ಬೈಯುವುದೂ ಮಾತೇ ತಾನೇ.

ಇದರ ನಡುವೆ ಆ ಕರಿ ಡಬ್ಬ. ಗಿರಿಜ ಹೋದ ಮೇಲೆ ಅಳಿಯಂದಿರು ತಂದ ವಿಡಿಯೋ ಗೇಮು. ನಲವತ್ತೈದು ದಾಟಿದ ಗಂಡಸು, ಆಫೀಸಿನಿಂದ ಬಂದು ಪ್ಯಾಂಟು ಬಿಚ್ಚಿ ಪಂಚೆ ಉಟ್ಟು, ಟಿ.ವಿ.ಗೆ ಅದನ್ನು ಸಿಕ್ಕಿಸಿ, ಕೈಯಲ್ಲೊಂದು ಗುಂಡಿಗಳ ಹಿಡಿ ಹಿಡಿದುಕೊಂಡು ಯುದ್ಧಕ್ಕೆ ಹೊರಡುತ್ತಾರೆ. ನಾನು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಹಾಲಿನಲ್ಲಿ ಮದ್ದುಗುಂಡು. ಗಾಜು ಒಡೆಯುತ್ತದೆ, ಯಾರೋ ಇಂಗ್ಲಿಷಿನಲ್ಲಿ ಸಾಯುತ್ತಾನೆ. ಕುಡಿದು ಬರುವುದಕ್ಕಿಂತ ಇದು ಮೇಲು ಅಂತ ಬಹಳ ದಿನ ಸಹಿಸಿದೆ. ಒಂದು ದಿನ ತಡೆಯಲಾರದೆ ಒಲೆ ಮುಂದೆ ನಿಂತು ಗೋಡೆಗೆ ಹೇಳಿದೆ: "ದೀಪ ಹಚ್ಚೋ ಹೊತ್ತಲ್ಲಿ ಮನೇಲಿ ಹೆಣ ಬೀಳಬಾರದು."

ಅಡುಗೆಮನೆ ಬಾಗಿಲಲ್ಲಿ ಅಳಿಯಂದಿರು ಬಂದು ನಿಂತರು. "ಅದಕ್ಕೆ ಹೆಡ್‌ಫೋನ್ ಅಂತ ಬರುತ್ತೆ. ನಾಳೆ ವಿಜಯನಗರದಲ್ಲಿ ತರೋದು. ಶಬ್ದ ಆಚೆ ಬರುತ್ತಾ ಇಲ್ವಾ ಅಂತ ಅತ್ತೆನೇ ಬಂದು ನೋಡಿದ್ರೆ ಒಳ್ಳೇದು" ಅಂದರು. ಎಷ್ಟೋ ದಿನದ ಮೇಲೆ ಅಷ್ಟುದ್ದ ಮಾತು. ಆದರೆ ನನಗೆ ತಿಳಿಯದೇ? ಕಿವಿ ಮುಚ್ಚಿಕೊಳ್ಳಲು ಸಾಮಾನು ಕೊಳ್ಳುತ್ತಿರುವುದು ಗುಂಡಿನ ಶಬ್ದಕ್ಕಲ್ಲ, ನನಗೆ.

ಆದರೂ ಹೋದೆ. ಆಟೋದಲ್ಲಿ ಮೊದಲು ನಾನು ಹತ್ತಿದೆ, ಆಮೇಲೆ ಅವರು. ದಾರಿಯುದ್ದಕ್ಕೂ ಪುಣ್ಯಾತ್ಮರು ತುಟಿ ಬಿಚ್ಚಲಿಲ್ಲ.

ಅಂಗಡಿಯಲ್ಲಿ ಹುರಿಗಡಲೆ ಬಣ್ಣದ ಶರ್ಟಿನವನೊಬ್ಬ ಗಾಜಿನ ಮೇಜಿನ ಮೇಲೆ ಒಂದೊಂದೇ ಹರಡಿದ. ಕಿವಿಯೊಳಗೆ ತುರುಕುವುದು, ಕಿವಿ ಮೇಲೆ ಕೂರುವುದು, ಕಿವಿಯನ್ನೇ ನುಂಗುವುದು. "ಸಾರ್, ಗೇಮ್‌ಗಾದ್ರೆ ಇದು ತಗೊಳಿ, ಸರೌಂಡು. ಶತ್ರು ಹಿಂದಿಂದ ಬಂದ್ರೆ ಶಬ್ದ ಹಿಂದಿಂದಾನೇ ಬರುತ್ತೆ. ಎಡಗಡೆ ಬಂದ್ರೆ ಎಡಗಡೆ. ನೋಡಿ ಆಂಟಿ, ಎಂಥಾ ಮಜಾ!" ನಾನು ಮದುವೆಯಾದಾಗಿನಿಂದ ಅತ್ತೆಯ ಧ್ವನಿ ಹಿಂದಿನಿಂದಲೇ ಬಂದದ್ದು, ಅದಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ. "ಮಜಾ ಇರ್ಲಿ, ಶಬ್ದ ಆಚೆ ಬರಬಾರದು" ಅಂದೆ. ಅಳಿಯಂದಿರು ಒಂದೊಂದನ್ನೂ ತಲೆಗೆ ಹಾಕಿಕೊಂಡು ಬಗ್ಗಿ ನಿಂತರು, ನಾನು ಪಕ್ಕಕ್ಕೆ ಹೋಗಿ ಅವರ ಕಿವಿಗೆ ಕಿವಿ ಕೊಟ್ಟು ಆಲಿಸಿದೆ. ಹೆಸರು ಹಿಡಿದು ಕರೆಯಬಾರದ ಅಳಿಯನ ಕೆನ್ನೆಗೆ ಕೆನ್ನೆ ತಾಗುವ ಹಾಗೆ, ವಿಜಯನಗರದ ಮೇನ್ ರೋಡಿನಲ್ಲಿ, ಹೋಗಿಬರುವವರ ಎದುರಿಗೆ. ಮೊದಲಿನವೆಲ್ಲ ಸೊಳ್ಳೆ ಹಾಗೆ ಗುಂಯ್‌ಗುಟ್ಟಿದವು. ಕಿವಿ ನುಂಗುವ ದಪ್ಪನೆಯದೊಂದು ಮಾತ್ರ ಪಿಟ್ ಅನ್ನಲಿಲ್ಲ. ಅದನ್ನೇ ಆರಿಸಿದೆ.

ಮನೆಗೆ ತಂದ ಮೇಲೆ ಜೋಡಿಸುವ ಕೆಲಸ. ಹೆಡ್‌ಫೋನಿನ ಜೊತೆ ಒಂದು ಚಿಕ್ಕ ಪೆಟ್ಟಿಗೆ. ಆ ಪೆಟ್ಟಿಗೆಗೂ ಕರಿ ಡಬ್ಬಕ್ಕೂ ಒಂದು ವೈರು, ಗೋಡೆಗೆ ಇನ್ನೊಂದು. ಅಳಿಯಂದಿರು ಟಿ.ವಿ. ಹಿಂದೆ ತೂರಿಕೊಂಡರು, ಪಂಚೆ ತುಂಬ ಜೇಡರಬಲೆ. ವೈರು ಹಾಕಿದ್ದಾಯಿತು, ತೆಗೆದದ್ದಾಯಿತು. ಡಬ್ಬದೊಳಗೆ ಏನೋ ಒಂದು ಸೆಟ್ಟಿಂಗು ಬದಲಾಯಿಸದೆ ಆ 'ಸರೌಂಡು' ಬರುವುದೇ ಇಲ್ಲವಂತೆ, ಅದನ್ನು ಹುಡುಕಿದ್ದಾಯಿತು. ಕೊನೆಗೆ ಅವರ ಮುಖ ಅರಳಿತು. ನಾಲ್ಕು ದಿಕ್ಕಿನಿಂದಲೂ ಕೇಳಿಸುತ್ತಿದೆ ಅಂತ ಅವರೊಬ್ಬರೇ ತಲೆ ಅತ್ತ ಇತ್ತ ತಿರುಗಿಸಿದರು. ಗಿರಿಜ ಹೋದ ಮೇಲೆ ಆ ಮುಖ ನಾನು ನೋಡಿರಲಿಲ್ಲ. ಆಮೇಲೆ ಏನನ್ನಿಸಿತೋ, ಎದ್ದು ಬಂದು ಅದನ್ನು ನನ್ನ ತಲೆಗೇ ಹಾಕಿದರು.

ಬಲಗಡೆ ಟಪಟಪ ಹೆಜ್ಜೆ ಸಪ್ಪಳ. ಬಲಗಡೆ ಗುಂಡು. ಎಡಗಡೆ ಮಸಣ.

"ಒಂದು ಕಡೆ ಸತ್ತಿದೆ" ಅಂದೆ. ಅಳಿಯಂದಿರು ಹಾಕಿಕೊಂಡು ನೋಡಿ ಸರಿ ಇದೆಯಲ್ಲ ಅನ್ನುವ ಹಾಗೆ ಕೈ ತಿರುಗಿಸಿದರು. ನಾನು ಇನ್ನೊಮ್ಮೆ ಹಾಕಿಕೊಂಡೆ. ಸತ್ತೇ ಇತ್ತು. ಇಂಥ ಸಾಧು ಮನುಷ್ಯನಿಗೆ ಕೆಟ್ಟ ಮಾಲು ಕಟ್ಟಿದ್ದಾರೆ ಅಂತ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಚಪ್ಪಲಿ ಮೆಟ್ಟಿದೆ. ಅವರೂ ಹಿಂದೆಯೇ ಬಂದರು.

"ಏನಪ್ಪಾ, ವಯಸ್ಸಾದೋರು ಅಂತ ಒಂದು ಕಿವೀದು ಕೊಟ್ಟು ಕಳಿಸಿದ್ಯಾ?" ಅಂತ ಅಂಗಡಿ ಬಾಗಿಲಲ್ಲೇ ಶುರು ಮಾಡಿದೆ. ಅವನು ಪಾಪ, ಹಾಕಿಕೊಂಡು ನೋಡಿದ. "ಆಂಟಿ, ಎರಡೂ ಸೂಪರಾಗಿದೆ." "ನನಗೆ ಎಡಗಡೆ ಬರ್ತಿಲ್ಲ." "ಉಲ್ಟಾ ಹಾಕ್ಕೊಳಿ ಆಂಟಿ, ಎಡಗಡೇದು ಬಲಕ್ಕೆ ಬರೋ ಹಂಗೆ." ಹಾಕಿಕೊಂಡೆ. ಸತ್ತಿದ್ದದ್ದು ಬಲಗಿವಿಯಲ್ಲಿ ಎದ್ದು ಕುಣಿಯಿತು. ಇಷ್ಟು ಹೊತ್ತು ಚೆನ್ನಾಗಿದ್ದದ್ದು ಎಡಗಡೆ ಹೋಗಿ ಮಲಗಿತು.

"ನೋಡು! ಉಲ್ಟಾ ಮಾಡಿದ ತಕ್ಷಣ ಇನ್ನೊಂದು ಕಡೇನೂ ಕೆಟ್ಟೋಯ್ತು!" ಅಂದೆ.

ಅಂಗಡಿಯವನು ಅಳಿಯಂದಿರ ಮುಖ ನೋಡಿದ. ಅಳಿಯಂದಿರು ನನ್ನ ಮುಖ ನೋಡಿದರು, ನೇರವಾಗಿ, ಅವರ ಮದುವೆಯಾದಾಗಿನಿಂದ ಮೊದಲ ಸಲ. ಆಗ ನನಗೂ ಹೊಳೆಯಿತು. ಹೊಳೆದರೂ ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಲ್ಲ; ಹೆಡ್‌ಫೋನನ್ನು ಅಲ್ಲಾಡಿಸಿದೆ, ಸೆರಗಿನಿಂದ ಒರೆಸಿದೆ, ಊದಿದೆ. ಕೊನೆಗೆ ಅಂಗಡಿಯವನು ಮೆತ್ತಗೆ, "ಕಿವಿ ಡಾಕ್ಟ್ರು ಇಲ್ಲೇ ಹೊಸಹಳ್ಳೀಲಿ ಒಬ್ರಿದಾರೆ ಆಂಟಿ" ಅಂದ. "ನಿನ್ನ ಮಾಲಲ್ಲ ಕೆಟ್ಟಿರೋದು, ಸರಿ ಬಿಡು" ಅಂದು ಆಚೆ ಬಂದೆ.

ಊಟದ ಮೇಜಿನಲ್ಲಿ ಅವರು ಕೂರುವುದು ನನ್ನ ಎಡಕ್ಕೆ. ಹಾಲಿನಲ್ಲಿ ನನ್ನ ಕುರ್ಚಿಗೆ ಅವರ ಸೋಫಾ ಎಡಕ್ಕೆ. ಆಟೋದಲ್ಲೂ ಎಡಕ್ಕೆ. ಒಲೆ ಮುಂದೆ ನಿಂತಾಗ ಅಡುಗೆಮನೆ ಬಾಗಿಲು ಒಂದೇ ನನ್ನ ಬಲಕ್ಕಿರುವುದು. ಮುಖ ನೋಡುವಂತಿದ್ದರೆ ತುಟಿಯಾದರೂ ಕಾಣುತ್ತಿತ್ತು. ನಮ್ಮದು ಗೋಡೆ ನೋಡುವ ಮರ್ಯಾದೆ.

ವಾಪಸು ಬರುವಾಗ ಅಳಿಯಂದಿರು ಆಟೋದಲ್ಲಿ ತಾವೇ ಮೊದಲು ಹತ್ತಿ ಬಲತುದಿಗೆ ಸರಿದುಕೊಂಡರು. ಸ್ವಲ್ಪ ದೂರ ಬಂದ ಮೇಲೆ ಡ್ರೈವರನ ಬೆನ್ನು ನೋಡುತ್ತಾ ಹೇಳಿದರು: "ಕೆಂಗೇರಿಗೆ ಹೋಗ್ತೀನಿ ಅಂದ್ರಲ್ಲ ಅತ್ತೆ. ಬೇಡ, ಇಲ್ಲೇ ಇರಿ ಅಂತ ಪ್ರತಿ ಸಲಾನೂ ಹೇಳ್ದೆ. ನೀವು ಒಂದು ಮಾತೂ ಆಡ್ಲಿಲ್ಲ. ನನ್ನ ಜೊತೆ ಇರೋಕೆ ನಿಮಗೆ ಇಷ್ಟ ಇಲ್ಲ ಅಂದ್ಕೊಂಡು ಸುಮ್ಮನಾದೆ."

"ಆಟೋ ಸದ್ದಿಗೆ ಏನೂ ಕೇಳ್ತಿಲ್ಲ. ಮನೇಲಿ ಹೇಳಿ" ಅಂದೆ. ಚೆನ್ನಾಗಿಯೇ ಕೇಳಿಸಿತ್ತು. ಇನ್ನೊಂದು ಸಲ ಕೇಳಬೇಕು ಅನಿಸಿತು, ಅಷ್ಟೇ.

ಮನೆಯಲ್ಲಿ ಮತ್ತೆ ಹೇಳಿದರು. ಕಿವಿ ಸಿಕ್ಕಿತಲ್ಲ ಅಂತ ಬಾಕಿ ಇದ್ದದ್ದನ್ನೂ ಸೇರಿಸಿದರು: ಸಾರಿಗೆ ಉಪ್ಪು ಜಾಸ್ತಿ ಬೀಳುತ್ತಿದೆಯಂತೆ, ತಿಂಗಳುಗಟ್ಟಲೆಯಿಂದ ಹೇಳುತ್ತಿದ್ದಾರಂತೆ. ಟ್ರಂಕಿನಿಂದ ಸೀರೆ ತೆಗೆದೆ. ಕುರ್ಚಿಯನ್ನು ಸೋಫಾದ ಆ ಪಕ್ಕಕ್ಕೆ ಹಾಕಿದೆ. ಇನ್ನು ಮೇಲೆ ಈ ಮನೆಯಲ್ಲಿ ಮಾತೋ ಮಾತು ಅಂದುಕೊಂಡೆ.

ಅಳಿಯಂದಿರು ಸಂಜೆ ಬರುತ್ತಾರೆ, ಹೆಡ್‌ಫೋನ್ ಹಾಕಿಕೊಂಡು ಯುದ್ಧಕ್ಕೆ ಕೂರುತ್ತಾರೆ. ನಾನು ಆರಿಸಿದ್ದು, ಒಂದು ಸೊಳ್ಳೆಯಷ್ಟು ಸದ್ದೂ ಆಚೆ ಬರುವುದಿಲ್ಲ. ಅವರು ಮೊದಲೇ ಮಿತಭಾಷಿ. ಮುಂಚೆ ಸುಮ್ಮನಿದ್ದಾಗ ಸಿಟ್ಟು ಅಂದುಕೊಳ್ಳುತ್ತಿದ್ದೆ. ಈಗ ಒಳ್ಳೆಯ ಕಿವಿಯ ಕಡೆಯೇ ಕೂತಿರುವುದರಿಂದ, ಸುಮ್ಮನಿದ್ದರೆ ನಿಜವಾಗಿಯೂ ಸುಮ್ಮನಿದ್ದಾರೆ ಅಂತ ಗೊತ್ತಾಗುತ್ತದೆ. ದೀಪ ಹಚ್ಚಿ ಬಂದು ಪಕ್ಕದಲ್ಲಿ ಕೂರುತ್ತೇನೆ. ಬಹಳ ಹೊತ್ತು ಏನೂ ಇಲ್ಲದಾಗ ಅವರ ತೋಳು ಮುಟ್ಟಿ, "ಏನಂದ್ರಿ?" ಅನ್ನುತ್ತೇನೆ.

ಅವರು ಆಟ ನಿಲ್ಲಿಸಿ, ಒಂದು ಕಿವಿಯದನ್ನು ಸರಿಸಿ, ನನ್ನ ಮುಖ ನೋಡಿ, "ನಾನೇನೂ ಅನ್ಲಿಲ್ಲ ಅತ್ತೆ" ಅನ್ನುತ್ತಾರೆ.

"ಓ, ಹೌದಾ" ಅನ್ನುತ್ತೇನೆ. ಆಮೇಲೆ ಇನ್ನೊಂದಿಷ್ಟು ಹೊತ್ತು ಬಿಟ್ಟು ಮತ್ತೆ ಕೇಳುತ್ತೇನೆ. ಪಾಪ, ಅತ್ತೆಗೆ ಕಿವುಡು ಜಾಸ್ತಿಯಾಗುತ್ತಿದೆ ಅಂತ ಅವರು ಡಾಕ್ಟರ ಹತ್ತಿರ ಹೋಗೋಣ ಅನ್ನುತ್ತಿದ್ದಾರೆ. ಈಗಲೇ ಬೇಡ ಅಂದಿದ್ದೇನೆ.