ಕೈಯಲ್ಲಿ ನಿಲ್ಲದ ಹುಂಜ

ಹೆರಿಗೆಯಲ್ಲಿ ಸಾವಿನ ಬಾಯಿಗೆ ಹೋಗಿದ್ದ ಮಗಳು ಉಳಿದು ಗಂಡುಕೂಸಿನ ಜೊತೆ ಮನೆಗೆ ಬಂದ ಖುಷಿಗೆ ಮನ್ಕಾ ಮನೆಯ ಹುಂಜವನ್ನು ಇಗರ್ಜಿಗೆ ಕಾಣಿಕೆ ಕೊಟ್ಟುಬಿಟ್ಟಳು. ಗಂಡನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಗಂಡ ನ್ದೆವಿರ್ವಾ ನಮ್ಮ ಮಾಚಮೆ ಊರಿನ ಇಗರ್ಜಿಯ ಗಂಟೆ ಹೊಡೆಯುವವನು. ಹುಂಜ ಕೂಗಿದರೆ ಅವನಿಗೆ ಎಚ್ಚರ. ಇಲ್ಲದಿದ್ದರೆ ಸಾಕ್ಷಾತ್ ಕುಂಭಕರ್ಣ. ಇನ್ನೊಮ್ಮೆ ತಡವಾದರೆ ಹಗ್ಗ ಬೇರೆಯವರ ಕೈಗೆ ಎಂದು ಪಾದ್ರಿಗಳು ಹೇಳಿ ವಾರವೂ ಆಗಿರಲಿಲ್ಲ.

ಹೋಗಲಿ, ಆರಾಧನೆ ಮುಗಿದ ಮೇಲೆ ಕಾಣಿಕೆಗಳ ಹರಾಜು ಇದ್ದೇ ಇದೆ, ಕೂಗಿ ವಾಪಸ್ ತಂದರಾಯಿತು ಎಂದುಕೊಂಡ. ಪಾದ್ರಿಗಳು ಆ ಭಾನುವಾರವೇ ಗ್ರೀಕ್ ಪಾಠ ತೆಗೆಯಬೇಕೆ? ದೂರದೇಶಕ್ಕೆ ಹೊರಟ ಒಡೆಯ ಆಳುಗಳಿಗೆ ಬೆಳ್ಳಿ ಕೊಟ್ಟು, ನಾನು ಬರುವ ತನಕ 'ಪ್ರಗ್ಮಾತ್ಯೂಸಸ್ಥೆ' ಎಂದನಂತೆ. ಜೋಪಾನ ಮಾಡಿ ಎಂದಲ್ಲ, ವ್ಯಾಪಾರ ಮಾಡಿ ಎಂದು. ಕೊಳ್ಳಿ, ಕೊಡಿ, ಓಡಾಡಿಸಿ. ಬಟ್ಟೆಯಲ್ಲಿ ಗಂಟು ಕಟ್ಟಿಟ್ಟವನಿಗೆ ಬೈಗುಳವೇ ಸಿಕ್ಕಿತು.

ಹರಾಜಿನಲ್ಲಿ ನ್ದೆವಿರ್ವಾ ಹನ್ನೆರಡು ಸಾವಿರ ಶಿಲ್ಲಿಂಗಿಗೆ ಹುಂಜ ಕೊಂಡು ಕಂಕುಳಲ್ಲಿ ಅವುಚಿಕೊಂಡ. ಪಕ್ಕದ ಮನೆಯ ಕಿಲೆಯೊ ಸುಮ್ಮನಿರುವ ಆಸಾಮಿಯಲ್ಲ.

"ಏನಯ್ಯಾ, ಗಂಟು ಕಟ್ತಾ ಇದೀಯಾ? ಪಾದ್ರಿಗಳು ಈಗ ತಾನೆ ಹೇಳಿದ್ದು ಕಿವಿಗೆ ಬೀಳಲಿಲ್ವಾ?"

ಜನ ನಕ್ಕರು. ಕೊಂಡದ್ದನ್ನು ಮತ್ತೆ ಹರಾಜಿಗೇ ಕೊಡುವುದು ನಮ್ಮಲ್ಲಿ ದೊಡ್ಡಸ್ತಿಕೆ. ಕೊಟ್ಟ. ಮತ್ತೆ ಕೂಗಿ ಕೊಂಡ, ಮತ್ತೆ ನಕ್ಕರು, ಮತ್ತೆ ಕೊಟ್ಟ. ಮೂರನೆಯ ಸಲಕ್ಕೆ ಜೇಬಿನಲ್ಲಿ ಉಳಿದದ್ದು ಕರವಸ್ತ್ರ ಮಾತ್ರ. ಹುಂಜ ಕಿಲೆಯೊ ಪಾಲಾಯಿತು.

ಗಂಟೆಯೂ ಕೈಬಿಟ್ಟಿತು ಎಂದುಕೊಳ್ಳುತ್ತ ಬಾಳೆತೋಟದ ದಾರಿಯಲ್ಲಿ ಕಾಲೆಳೆದುಕೊಂಡು ಮನೆಗೆ ಬಂದ.

ಸಂಜೆ ಬಾಗಿಲಲ್ಲಿ ಕಿಲೆಯೊ ನಿಂತಿದ್ದ. ಕೈಯಲ್ಲಿ ಬಿಸಿ ಪಾತ್ರೆ.

"ನಾನೂ ಗಂಟು ಕಟ್ಟಲಿಲ್ಲಪ್ಪ. ಬಾಣಂತಿಗೆ ಸಾರು ತಂದಿದೀನಿ. ನಿನ್ನ ಹುಂಜ ನಿನ್ನ ಮನೆಗೇ ಬಂತು ನೋಡು."

ನ್ದೆವಿರ್ವಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹೋದ ವಾರ ಕಣ್ಣು ಬಿಡಲೂ ಆಗದಿದ್ದ ಮಗಳು ಎದ್ದು ಕೂತು ಸೊರಸೊರ ಸಾರು ಕುಡಿದಳು. ಇನ್ನೊಂದು ಬಟ್ಟಲು ಕೇಳಿದಳು. ದೇವರೇ, ಇಷ್ಟು ಸಾಕಪ್ಪ ಎಂದ ನ್ದೆವಿರ್ವಾ. ಕಿಲೆಯೊನ ಎರಡೂ ಕೈ ಹಿಡಿದುಕೊಂಡ.

ಅಷ್ಟರಲ್ಲಿ ಮೊಮ್ಮಗ ಕೇರಿಗೆಲ್ಲ ಕೇಳುವ ಹಾಗೆ ಚೀರಿದ.

"ತಗೊಳ್ಳಿ, ನಿಮ್ಮ ಹೊಸ ಹುಂಜ" ಎಂದಳು ಮನ್ಕಾ.

ಮರುದಿನ ಗಂಟೆ ತಡವಾಗಲಿಲ್ಲ. ಮಗು ಅತ್ತಾಗಲೆಲ್ಲ ನ್ದೆವಿರ್ವಾ ಎದ್ದು ಇಗರ್ಜಿಗೆ ಓಡಿದ್ದರಿಂದ ಬೆಳಗಾಗುವ ಮೊದಲೇ ನಾಲ್ಕು ಸಲ ಹೊಡೆಯಿತು. ಐದನೆಯ ಸಲಕ್ಕೆ ಪಾದ್ರಿಗಳೇ ಎದ್ದು ಬಂದು ಹಗ್ಗವನ್ನು, ಸದ್ದಿಗೆ ನಿದ್ದೆಗೆಟ್ಟು ಓಡಿಬಂದಿದ್ದ ಕಿಲೆಯೊ ಕೈಗೆ ಕೊಟ್ಟರು.