ಸಾಕ್ಷಿಯನ್ನು ಸುಟ್ಟ ಯಂತ್ರಮಹಾಶಯರಿಗೆ

ಬಂದರಿನ ಸಸ್ಯ ತಪಾಸಣಾ ಕಚೇರಿಯ ಹಿಂಬದಿಯಲ್ಲಿ ವಿರಾಜಮಾನರಾಗಿರುವ ಸುಡುಯಂತ್ರ ಮಹಾಶಯರಿಗೆ ಸವಿನಯ ವಂದನೆಗಳು.

ಮಾನ್ಯರೇ, ಒಂದು ಸಂಗತಿಯನ್ನು ಬರೆಯದೆಯೇ ಬಿಡುವವಳಿದ್ದೆ: ಆ ಮಧ್ಯಾಹ್ನ ತಮ್ಮ ಹೊಗೆ ಬಹಳ ಪರಿಮಳವಾಗಿತ್ತು, ನಾನು ಪ್ರಯೋಗಾಲಯದ ಕಿಟಕಿಯನ್ನು ಇನ್ನಷ್ಟು ತೆರೆದು ಅದನ್ನು ಆಸ್ವಾದಿಸಿದೆ. ತಾವು ಸುಡುತ್ತಿದ್ದುದು ನಾನೇ ಎದುರು ನೋಡುತ್ತಿದ್ದ ಮರದ ತುಂಡು ಎಂದು ತಿಳಿದದ್ದು ಆಮೇಲೆ.

ಮಳೆಕಾಡಿರುವ ದೇಶವೂ ಮರ ಕೊಳ್ಳುವ ನಮ್ಮ ದೇಶವೂ ಕಳ್ಳಸಾಗಣೆ ತಡೆಯಲು ಒಪ್ಪಂದಕ್ಕೆ ಸಹಿ ಹಾಕಿರುವುದು ತಮಗೆ ತಿಳಿದಿರಲಿಕ್ಕಿಲ್ಲ. ತಮ್ಮನ್ನು ಆ ಸಭೆಗೆ ಕರೆಯದಿದ್ದುದೇ ದೊಡ್ಡ ಲೋಪವೆಂದು ಈಗ ಅನ್ನಿಸುತ್ತಿದೆ. ಒಪ್ಪಂದದಂತೆ ಅಲ್ಲಿನ ಅರಣ್ಯ ರಕ್ಷಕಿ ರಕ್ಷಿತ ಕಾಡಿನೊಳಗೆ ಹೋಗಿ, ಕಳ್ಳರು ಕಡಿದು ಬಿಟ್ಟ ಮರದ ಬುಡದಿಂದ ಒಂದು ಬಿಲ್ಲೆ ಕೊಯ್ದು ಕಳಿಸಿದ್ದಳು. ಅದು ನಮ್ಮ ಅಂಗಳದಲ್ಲಿ ಜಪ್ತಿಯಾಗಿ ಬಿದ್ದಿರುವ ದಿಮ್ಮಿಗಳಲ್ಲೊಂದಕ್ಕೆ ಹೊಂದಿಕೊಂಡರೆ ಅವನ್ನು ತರಿಸಿದ ವ್ಯಾಪಾರಿ ಸಿಕ್ಕಿಬೀಳುತ್ತಾನೆ. ಹೊಂದಿಸಲು ಏನೂ ಇಲ್ಲದಿದ್ದರೆ ಮುಂದಿನ ವಿಚಾರಣೆಯಲ್ಲಿ ದಿಮ್ಮಿಗಳನ್ನೆಲ್ಲ ಅವನಿಗೆ ಗೌರವಪೂರ್ವಕವಾಗಿ ಹಿಂತಿರುಗಿಸಬೇಕು. ಆದರೆ ಬಿಲ್ಲೆಗೆ ತೊಗಟೆ ಅಂಟಿಕೊಂಡಿತ್ತು, ಕೀಟವಿಲ್ಲವೆಂಬ ಪ್ರಮಾಣಪತ್ರ ಅಂಟಿಕೊಂಡಿರಲಿಲ್ಲ. ತಮಗೆ ಉಣಿಸುವ ಕೆಲಸಗಾರ, "ನಾನೇನ್ ಮಾಡ್ಲಿ ಮೇಡಂ, ತೊಗಟೆ ಇದ್ರೆ ಒಳಗ್ ಹಾಕು ಅಂತಾನೇ ಹೇಳಿರೋದು" ಎಂದ. ಅವನು ಹೇಳಿದ್ದು ಸರಿ. ನಿಯಮವನ್ನು ನಾನೂ ಓದಿದೆ, ತಪ್ಪು ಹುಡುಕುವ ಆಸೆಯಿಂದಲೇ ಓದಿದೆ, ಸಿಗಲಿಲ್ಲ.

ಕದ್ದ ದಿಮ್ಮಿಗಳಾದರೋ ತೊಗಟೆ ಸುಲಿಸಿಕೊಂಡು, ಮೊಹರುಗಳನ್ನೆಲ್ಲ ಒತ್ತಿಸಿಕೊಂಡು, ತಮ್ಮ ಮುಂದೆಯೇ ಮದುಮಕ್ಕಳಂತೆ ಹಾದು ಬಂದಿದ್ದವು. ಎರಡು ಸರ್ಕಾರಗಳು ವರ್ಷಗಟ್ಟಲೆ ಕೂತರೂ ಒಂದು ಕಡತ ಮುಗಿಯದ ಈ ಕಾಲದಲ್ಲಿ, ಬಂದ ದಿನವೇ ವಿಲೇವಾರಿ ಮಾಡಿದ ತಮ್ಮ ದಕ್ಷತೆಯನ್ನು ಮೆಚ್ಚಿ, ತಮ್ಮನ್ನೇ ಜಂಟಿ ಸಮಿತಿಯ ಅಧ್ಯಕ್ಷರನ್ನಾಗಿಸಬೇಕೆಂದು ಶಿಫಾರಸು ಮಾಡಿದ್ದೇನೆ.

ಸುದ್ದಿಯನ್ನು ರಕ್ಷಕಿಗೆ ಫೋನಿನಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಬೈದಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತು. "ಇನ್ನೊಂದ್ ತುಂಡು ಕುಯ್ಕೊಂಡ್ ಬರ್ತೀನಿ ಬಿಡಿ ಅಕ್ಕ. ಬುಡ ಎಲ್ಲಿಗೂ ಓಡ್ಹೋಗಲ್ಲ, ಓಡ್ಬೇಕಾಗಿರೋದು ನಾನು" ಎಂದು ನಕ್ಕಳು. ಮರ ಕಡಿದವರು ಇನ್ನೂ ಆ ಕಾಡಿನಲ್ಲೇ ಇದ್ದಾರೆ. ನಾನೂ ನಕ್ಕೆ, ಯಾಕೆ ನಕ್ಕೆನೆಂದು ಈಗಲೂ ಕೇಳಿಕೊಳ್ಳುತ್ತಿದ್ದೇನೆ.

ಆದ್ದರಿಂದ ಎರಡನೆಯ ಬಿಲ್ಲೆ ಬರುವ ದಿನ ತಾವು ದಯಮಾಡಿ ಹೊಟ್ಟೆ ಸರಿಯಿಲ್ಲವೆಂದು ರಜೆ ಹಾಕಬೇಕು. ಅದು ಆಗದಿದ್ದರೆ ಕಾಡಿರುವ ಕಡೆಗೇ ವರ್ಗ ಮಾಡಿಸಿಕೊಂಡು, ಅಲ್ಲಿನ ಕಳ್ಳರ ಗರಗಸಗಳ ರುಚಿ ನೋಡಬೇಕು.

ಅದೇ ಕಟ್ಟಡದ, ಆದರೆ ಬೇರೆ ಇಲಾಖೆಯ,
ತಮ್ಮ ವಿಶ್ವಾಸಿ,
ಮರ ಪರೀಕ್ಷಕಿ

ಮರೆತ ಮಾತು: ಬಿಲ್ಲೆಗೆ ಪ್ರಮಾಣಪತ್ರ ಪಡೆಯುವುದು ಹೇಗೆಂದು ಎರಡೂ ದೇಶಗಳ ಕಚೇರಿಗಳಿಗೆ ಬರೆದು ಕೇಳಿದೆ. "ಆ ವ್ಯಾಪಾರಿಯ ಗುಮಾಸ್ತನನ್ನೇ ವಿಚಾರಿಸಿಕೊಳ್ಳಿ, ಅವನಿಗೆ ಎಲ್ಲ ಬಾಯಿಪಾಠ" ಎಂಬ ಉತ್ತರ ಬಂದಿದೆ. ರಕ್ಷಕಿ ಮತ್ತೆ ಕಾಡಿಗೆ ಹೋಗುವುದು ಜೂನ್ ಹನ್ನೊಂದಕ್ಕೆ. ಆ ದಿನಾಂಕ ಕಳ್ಳರ ಕಿವಿಗೆ ಬೀಳಬಾರದಲ್ಲ, ಹೊರಗೆ ಬಂದೆನೆಂದು ಅವಳ ಫೋನ್ ಬರುವ ತನಕ ಪತ್ರಿಕೆಗೆಂದು ಬರೆದ ಈ ಬಹಿರಂಗ ಪತ್ರ ನನ್ನ ಕೈಚೀಲದಲ್ಲಿ ಗುಟ್ಟಾಗಿಯೇ ಇರುತ್ತದೆ. ಫೋನ್ ಬಂದರೆ, ಅಂಚೆಗೆ ಹಾಕುವುದು ಜೂನ್ ಹನ್ನೆರಡರಂದು.