ಅರೇ ಭಾಷೆಯ ಅಕ್ಕೋರು

ನನ್ನ ಚಿಕ್ಕಮ್ಮನಿಗೆ ಕುಮಟಾದಲ್ಲಿ ಶತ್ರುಗಳೇ ಇಲ್ಲ. ಇದ್ದ ಒಬ್ಬನೇ ಶತ್ರು ಲಂಡನ್ನಿನಲ್ಲಿದ್ದ. ಹಾಗೆಂದು ಅವಳು ತಿಳಿದಿದ್ದಳು, ಅನ್ನಿ. ಜಗಳ ಯಾವುದರ ಮೇಲೆ? ಆಸ್ತಿಯೇ, ಬೇಲಿಯೇ? ಅಲ್ಲ ಸ್ವಾಮೀ, ಎಣಿಕೆ ಒಂದರಿಂದ ಶುರುವಾಗಬೇಕೋ ಸೊನ್ನೆಯಿಂದಲೋ ಎಂಬುದರ ಮೇಲೆ!

ಚಿಕ್ಕಮ್ಮ ಪೇಟೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದವಳು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಅವಳು ಊರಿಗೆಲ್ಲ ಟೈಪಿಂಗ್ ಅಕ್ಕೋರು. ಕುಮಟಾದ ಅರ್ಧ ಗುಮಾಸ್ತರ ಬೆರಳುಗಳು ಅವಳ ರೂಲುದೊಣ್ಣೆಯ ರುಚಿ ಕಂಡಿವೆ. ಕಂಪ್ಯೂಟರು ಬಂದು ಕ್ಲಾಸು ಮುಚ್ಚಿತು. ಬೇರೆ ಯಾರಾದರೂ ಆಗಿದ್ದರೆ ಅದಕ್ಕೆ ಶಾಪ ಹಾಕಿ ಧಾರಾವಾಹಿ ನೋಡುತ್ತ ಕೂರುತ್ತಿದ್ದರು. ಇವಳು ಒಂದು ಕಂಪ್ಯೂಟರನ್ನೇ ಕೊಂಡು ತಂದಳು. “ನನ್ನ ಹೊಟ್ಟೆ ಮೇಲೆ ಹೊಡೆದದ್ದು ಎಂತ ಹೇಳಿ ನೋಡೇ ಬಿಡ್ತೆ!” ಎಂದು ಅದರ ಮುಂದೆ ಕೂತಳು. ನೋಡುತ್ತ ನೋಡುತ್ತ ಇಂಟರ್ನೆಟ್ಟಿನ ಯಾವುದೋ ಮೂಲೆಯಲ್ಲಿ ಅವಳಿಗೆ ಎಪಿಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸಿಕ್ಕಿತು. ಇಂಥವನ್ನು ಅರೇ ಭಾಷೆಗಳು ಎನ್ನುತ್ತಾರಂತೆ. ಅರೇ ಎಂದರೆ ಸಾಲು, ಒಟ್ಟಿಗೆ ಜೋಡಿಸಿಟ್ಟದ್ದು.

ನನಗೆ ಅವಳು ವಿವರಿಸಿದ್ದು ಹೀಗೆ: “ಬಾಕಿ ಭಾಷೆಲಿ ಕಂಪ್ಯೂಟರಿಗೆ ಒಂದು ತೆಂಗಿನಕಾಯಿ ಎತ್ತು, ಸುಲಿ, ಬದಿಗಿಡು, ಮತ್ತೊಂದು ಎತ್ತು ಹೇಳಿ ಹೇಳ್ತಾನೇ ಇರ್ಬೇಕು. ಇದ್ರಲ್ಲಿ ಇಡೀ ರಾಶಿ ತೋರಿಸಿ ‘ಸುಲಿ’ ಅಂದ್ರೆ ಆತು!”

ಆ ‘ಸುಲಿ’ಯೂ ಶಬ್ದವಲ್ಲ, ಒಂದೇ ಒಂದು ಚಿಹ್ನೆ. ಕೊಕ್ಕೆ, ತ್ರಿಕೋನ, ಹೊಟ್ಟೆಗೆ ಗೀಟು ಬಿದ್ದ ಸೊನ್ನೆ, ಹೀಗೆ. ಬೇರೆಯವರು ಪುಟಗಟ್ಟಲೆ ಬರೆಯುವುದನ್ನು ಇಲ್ಲಿ ಒಂದು ಸಾಲಿನಲ್ಲಿ ಮುಗಿಸಬಹುದು. ಜೀವಮಾನವಿಡೀ ಜನರಿಗೆ ಬೇಗ ಬೇಗ ಟೈಪ್ ಮಾಡಲು ಕಲಿಸಿದವಳು ಕೊನೆಗೆ ಮನಸೋತದ್ದು, ಟೈಪ್ ಮಾಡುವ ಕೆಲಸವೇ ಇಲ್ಲದ ಭಾಷೆಗೆ!

ಮಾಮೂಲಿ ಕೀಬೋರ್ಡಿನಲ್ಲಿ ಆ ಚಿಹ್ನೆಗಳು ಇರುವುದಿಲ್ಲ. ಚಿಕ್ಕಮ್ಮ ಬಿಡುವವಳೇ? ದೊಡ್ಡ ಬಿಂದಿಗಳ ಪೊಟ್ಟಣ ತಂದು, ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಚಿಹ್ನೆ ಬರೆದು ಕೀಲಿಗಳಿಗೆ ಅಂಟಿಸಿದಳು. ಚಿಕ್ಕಪ್ಪ ಕರೆಂಟ್ ಬಿಲ್ಲು ಕಟ್ಟಲು ಕೂತರೆ ಒಂದು ಅಕ್ಷರವೂ ಕಾಣದು.

“ಈ ‘ಕೆ’ ಎಲ್ಲದೆ ಮಾರಾಯ್ತಿ?”

“ಆ ಕೆಂಪು ಬಿಂದಿ ಅಡಿಗೆ.”

“ಎಲ್ಲಾದೂ ಕೆಂಪೇ ಅಲ್ದ?”

ಹುಡುಕಿ ಹುಡುಕಿ ಸುಸ್ತಾಗಿ ಹಣೆಯ ಬೆವರು ಒರೆಸಿಕೊಂಡರು ನೋಡಿ, ಬೆರಳಿಗೆ ಅಂಟಿದ್ದ ಬಿಂದಿ ಹಣೆಗೆ ಹೋಯಿತು. ಅದೇ ಅಲಂಕಾರದಲ್ಲಿ ತದಡಿ ಬಂದರಿಗೆ ಹೋಗಿ ಮೀನು ತಂದರು. ಆ ದಿನ ಮೀನು ಮಾರುವ ಹೆಂಗಸರು ಯಾರೋ ಮಂತ್ರವಾದಿಯೆಂದು ಹೆದರಿ ಅವರೊಡನೆ ಚೌಕಾಸಿಯನ್ನೇ ಮಾಡಲಿಲ್ಲವಂತೆ!

ಚಿಕ್ಕಮ್ಮನಿಗೆ ಒಂದೇ ಕೊರಗು. ಈ ಭಾಷೆ ಬಲ್ಲವರು ಎದುರಿಗೆ ಒಬ್ಬರೂ ಇಲ್ಲ. ನನಗೆ ಕಲಿಸಲು ನೋಡಿದಳು, ನಾನು ಆಕಳಿಸಿದೆ. ಚಿಕ್ಕಪ್ಪ ಯಾವ ಸಾಲು ತೋರಿಸಿದರೂ ಪೇಪರಿನಿಂದ ತಲೆ ಎತ್ತದೆ “ಚಂದ ಬಂದದೆ” ಎನ್ನುತ್ತಿದ್ದರು. “ಹೊನ್ನಾವರ, ಭಟ್ಕಳ ಎಲ್ಲ ಸೇರಿ ಒಬ್ರಾದ್ರೂ ಸಿಕ್ಕೇ ಸಿಗ್ತ್ರು. ಸಿಗೋವರೆಗೆ ನಾ ಬಿಡೂದಿಲ್ಲ!” ಎಂದು ಚಿಕ್ಕಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಚೀಟಿ ಅಂಟಿಸಿದಳು: ‘ಅರೇ ಭಾಷೆ ಕಲಿಯಿರಿ. ಉಚಿತ.’

ಒಬ್ಬರು ಬಂದರು! ಹೊನ್ನಾವರಕ್ಕೆ ವರ್ಗವಾಗಿ ಬಂದಿದ್ದ ಸುಳ್ಯದ ಮಹನೀಯರು. ಅವರ ಮನೆಮಾತು ಅರೆಭಾಷೆ, ಸುಳ್ಯ-ಕೊಡಗಿನ ಕಡೆ ಆಡುವ ಕನ್ನಡ. ಊರು ಬಿಟ್ಟು ಇಷ್ಟು ದೂರ ಬಂದರೂ ತನ್ನ ಮಾತನ್ನು ಕಲಿಸುವ ಪುಣ್ಯಾತ್ಗಿತ್ತಿ ಇದ್ದಾಳೆಂದು ಕಣ್ಣು ತುಂಬಿಕೊಂಡು ಬಂದಿದ್ದರು. ಪಾಠಕ್ಕೆಂದು ಚಿಕ್ಕಮ್ಮ ಗೋಡೆಗೆ ಬರೆದು ಅಂಟಿಸಿದ್ದ ಕೊಕ್ಕೆ, ತ್ರಿಕೋನ ನೋಡಿ ಮುಖ ಸಣ್ಣದಾಯಿತು.

“ಇದು ಬೇರೆ ಭಾಷೆ ಅಂತ ಕಾಣ್ತದೆ...” ಎಂದು ಎದ್ದರು.

“ಬಂದದ್ದು ಬಂದಾತು, ಕೂತ್ಕಣಿ!” ಎಂದಳು ಚಿಕ್ಕಮ್ಮ. ಪಾಪ, ಸಂಜೆಯವರೆಗೆ ಕೂತರು. ಈಗ ಕುಮಟಾಕ್ಕೆ ಬಂದರೆ ನಮ್ಮ ಬೀದಿ ತಪ್ಪಿಸಿ ಸುತ್ತು ಹಾಕಿ ಹೋಗುತ್ತಾರಂತೆ.

ಹಾಗಾಗಿ ಅವಳಿಗೆ ಉಳಿದದ್ದು ಶನಿವಾರ ಸಂಜೆ ಸೇರುವ ಎಪಿಎಲ್ ಪ್ರಿಯರ ಆನ್‌ಲೈನ್ ಬಳಗ. ಲೋಕದ ಎಲ್ಲೆಲ್ಲಿಯವರೋ ಹತ್ತಾರು ಜನ. ನಾಲ್ಕು ಚಿಹ್ನೆಯಲ್ಲಿ ಆಗುವುದನ್ನು ಯಾರೋ ಮೂರರಲ್ಲಿ ಮಾಡಿದರೆ ಮದುವೆ ಮನೆಯಷ್ಟು ಸಂಭ್ರಮ! ಎಲ್ಲರಿಗೂ ಅಡ್ಡಹೆಸರು, ಮುಖ ತೋರಿಸುವವರು ಕಡಿಮೆ. ಅಲ್ಲಿದ್ದನಲ್ಲ ಆ ಶತ್ರು, ‘ಜೀರೋ’! ಮಾತಾಡುವವನಲ್ಲ, ಬರೀ ಬರೆಯುವವನು. ಚಿಕ್ಕಮ್ಮ ಸಾಲಿನ ಮೊದಲನೆಯದನ್ನು ಒಂದು ಎಂದು ಎಣಿಸಿ ಏನು ಬರೆದರೂ “ಸೊನ್ನೆಯಿಂದ ಎಣಿಸಿದರೆ ಇನ್ನೂ ಚಿಕ್ಕದಾಗುತ್ತದೆ” ಎಂದು ಸೊಗಸಾದ ಇಂಗ್ಲಿಷಿನಲ್ಲಿ ತಿದ್ದುತ್ತಿದ್ದ. ಆ ಇಂಗ್ಲಿಷಿನಿಂದಲೇ ಅವನಿಗೆ ಲಂಡನ್ನಿನ ವಾಸ ದಯಪಾಲಿಸಿದ್ದಳು ಚಿಕ್ಕಮ್ಮ.

ಒಂದು ಶನಿವಾರ ನಾನೂ ಅಲ್ಲಿದ್ದೆ. ಪರದೆಯಲ್ಲಿ ಜೀರೋನ ಹೆಸರು ಮಿನುಗಿತು; ಆ ಕಡೆ ಮೈಕು ತಪ್ಪಿ ತೆರೆದುಕೊಂಡಿರಬೇಕು. ಯಾರೋ ಗಂಭೀರವಾಗಿ ವಿವರಿಸುತ್ತಿದ್ದಾಗ ನಡುವೆ ಬಸ್ಸಿನ ಹಾರ್ನು. ಹಿಂದೆಯೇ ಕಂಡಕ್ಟರನ ಗಂಟಲು: “ಮುರ್ಡೇಶ್ವರ, ಹೊನ್ನಾವರ, ಕುಮ್ಟಾ ಕುಮ್ಟಾ ಕುಮ್ಟಾ!”

ಲಂಡನ್ನಿನಲ್ಲಿ ಕುಮಟಾ ಬಸ್ಸು!

ಚಿಕ್ಕಮ್ಮ ಕುರ್ಚಿ ಬಿಟ್ಟು ಎದ್ದಳು. ಇಡೀ ಪ್ರಪಂಚ ಕೇಳುತ್ತಿದೆ ಎಂಬುದೂ ನೆನಪಿಲ್ಲ. “ಏ ಜೀರೋ! ನೀ ಎಲ್ಲಿಂದ ಮಾತಾಡ್ತೆ?”

ಅತ್ತಲಿಂದ ಬಂದದ್ದು ಒಂದು ಹೆಣ್ಣು ದನಿ, ಮೆಲ್ಲಗೆ: “ಭಟ್ಕಳ... ನೀವು?”

ವಿಳಾಸ ಕೇಳಿಕೊಂಡ ಚಿಕ್ಕಮ್ಮ ಮರುದಿನ ಭಾನುವಾರ ಬೆಳಿಗ್ಗೆಯೇ ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಜಗಳದ ತಾಲೀಮು. ಭಟ್ಕಳದಲ್ಲಿ ಬಸ್ಸು ನಿಲ್ಲುವ ಕಡೆಗೇ ಬಟ್ಟೆ ಅಂಗಡಿ, ಅದರ ಮೇಲೆ ಮನೆ. ಜೀರೋ ಎಂದರೆ ನನಗಿಂತ ಸ್ವಲ್ಪ ದೊಡ್ಡವಳಿರಬಹುದಾದ ನವಾಯತ ಮುಸ್ಲಿಂ ಹೆಂಗಸು, ಮನೆಯವರ ಅಂಗಡಿಯ ಲೆಕ್ಕ ನೋಡಿಕೊಳ್ಳುವವಳು. ತಲೆಯ ಮೇಲಿನ ಸೆರಗು ಸರಿಪಡಿಸಿಕೊಳ್ಳುತ್ತ ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದಳು.

“ಬನ್ನಿ ಅಕ್ಕೋರೆ. ನಮ್ಮನೆ ಒಂದನೇ ಮಾಳಿಗೆ.”

“ಒಂದಾ? ಇದು ಎರಡನೇದಲ್ದ?”

“ಹಂಗಾರೆ ಕೆಳಗಿನ ಅಂಗಡಿ ಎಂತದು? ಸೊನ್ನೆ!”

ನಾನು ಇಬ್ಬರನ್ನೂ ದೂಡಿಕೊಂಡು ಮೇಲೆ ಹತ್ತಿಸಬೇಕಾಯಿತು. ಚಾ ಬಂತು. ಈ ಭಾಷೆಯನ್ನು ಬಲದಿಂದ ಎಡಕ್ಕೆ ಓದಿ ಬಿಡಿಸುವುದಕ್ಕೆ ತಾನು ತಿಂಗಳುಗಟ್ಟಲೆ ಒದ್ದಾಡಿದ್ದನ್ನು ಚಿಕ್ಕಮ್ಮ ಹೇಳಿದಳು. ಜೀರೋಗೆ ಆಶ್ಚರ್ಯ. “ಅದ್ರಲ್ಲಿ ಕಷ್ಟ ಎಂತ ಅಕ್ಕೋರೆ? ಉರ್ದು ನಾವು ಹಂಗೇ ಓದೂದಲ್ಲ?”

ಚಿಕ್ಕಮ್ಮ ಅವಳ ಕಂಪ್ಯೂಟರನ್ನು ತನ್ನತ್ತ ಎಳೆದು ಒಂದು ಸಾಲು ಬರೆದಳು. ಏನೆಂದು ನಾನು ಆಮೇಲೆ ಕೇಳಿ ತಿಳಿದುಕೊಂಡೆ. ಕುಮಟಾದಿಂದ ಭಟ್ಕಳದವರೆಗಿನ ಊರುಗಳನ್ನು ಹಿಂದುಮುಂದು ಮಾಡಿ, ಮತ್ತೆ ಹಿಂದುಮುಂದು ಮಾಡಿ, ಕೊನೆಗೆ ಮೊದಲಿನಂತೆಯೇ ತಂದಿಡುವ ಸಾಲು. ಮೂರು ಕಾಸಿನ ಉಪಯೋಗವಿಲ್ಲ.

ಜೀರೋ ಪರದೆಯ ಮೇಲೆ ಬಲದಿಂದ ಎಡಕ್ಕೆ ಬೆರಳಾಡಿಸುತ್ತ ಬಂದಳು. ನಡುವೆ ಒಮ್ಮೆ ನಿಂತಳು. ಕೊನೆ ಮುಟ್ಟುತ್ತಲೇ ಗೊಳ್ಳೆಂದು ನಕ್ಕುಬಿಟ್ಟಳು.

ಚಿಕ್ಕಮ್ಮ ನಗಲಿಲ್ಲ. ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಳು. ಕ್ಲಾಸು ಮುಚ್ಚಿದ ದಿನವೂ ಅತ್ತವಳಲ್ಲ.

“ಎಂತಾತು ಚಿಕ್ಕಮ್ಮ?” ಎಂದೆ ಗಾಬರಿಯಿಂದ.

“ಎಂತ ಇಲ್ಲ,” ಎಂದಳು. “ಅವ್ಳಿಗೆ ತಿಳೀತು ಮಾರಾಯ್ತಿ.”